ನಿಮಗೆ ದುಡ್ಡು ಕೊಡುವವರು ಯಾರು?

ಫೋನಿನಲ್ಲಿ ನಾನು ಮೊದಲು ಕೇಳಿದ್ದು ಇದನ್ನೇ.
ಇನ್ವರ್ನೆಸ್ಸಿನ ಸಾಲದ ದಲ್ಲಾಳಿ ಪಿರೀ ಕೆಮ್ಮಿದರು.
ಅವರಿಗೂ ನಮ್ಮ ಲೂಯಿಸ್ ದ್ವೀಪಕ್ಕೂ ನಡುವೆ ಸಮುದ್ರ,
ಎರಡು ದಿನದಿಂದ ಹೊರಡದ ಹಡಗು,
ತಂತಿಯೊಳಗೂ ಗಾಳಿ ಬಂದು ಕೂತಿತ್ತು.

ಅದಕ್ಕೂ ಮುಂಚೆ ಬ್ಯಾಂಕಿನ ಹುಡುಗಿಗೆ ಫೋನು ಮಾಡಿದ್ದೆ.
ದೂರದ ಯಾವುದೋ ಊರು, ಅಲ್ಲಿ ಬಿಸಿಲಿರಬೇಕು, ದನಿ ಹಾಗಿತ್ತು.
ಗಂಡನ ಉದ್ಯೋಗ? ನೇಯ್ಗೆ.
ಕಂಪನಿಯ ಹೆಸರು? ಟೊರ್ಮೊಡ್.
ತಿಂಗಳ ವರಮಾನ?
ಕಿಟಕಿಯಾಚೆ ನೋಡಿದೆ.
ಶೆಡ್ಡಿನಲ್ಲಿ ಅವನು ಪೆಡಲು ತುಳಿಯುತ್ತಿದ್ದ,
ಗಿರಣಿಯವರು ನೂಲು ಕಳಿಸಿದ ವಾರ, ಹಾಗಾಗಿ ಸದ್ದಿತ್ತು.
ನೂಲು ಬಾರದ ವಾರ ಆ ಶೆಡ್ಡು ಕೋಳಿಗಳದ್ದು.
ಸರಾಸರಿ ಹೇಳಿ ಮೇಡಂ, ಅಂದಳು.
ನಾವು ಸರಾಸರಿ ಉಂಡವರೇ ಅಲ್ಲ, ಅನ್ನಲಿಲ್ಲ.
ಮನೆ ಇರುವುದು ಕ್ರಾಫ್ಟು ನೆಲದಲ್ಲಿ,
ಕುರಿಗೂ ಆಲೂಗಡ್ಡೆಗೂ ಯಾರದೋ ತಾತ ಗೇಣಿಗೆ ಹಿಡಿದ ಚೂರು, ಅಂದಾಗ
ಅಕ್ಷರ ಬಿಡಿಸಿ ಹೇಳಿ, ಅಂದಳು. ಬಿಡಿಸಿ ಹೇಳಿದೆ.
ಅಲ್ಲಿಗೆ ಮುಗಿಯಿತು.

ನಮ್ಮಪ್ಪ ಇದ್ದಿದ್ದರೆ
ದಲ್ಲಾಳಿ ಎಂದ ಬಾಯನ್ನು ತೊಳೆದು ಬಾ ಅನ್ನುತ್ತಿದ್ದ.
ಮೀನು ಹಿಡಿದವನ ಕೈಗೆ ಉಪ್ಪು, ಹರಾಜು ಕೂಗಿದವನ ಕೈಗೆ ನೋಟು:
ಇಷ್ಟೇ ಅವನ ಅರ್ಥಶಾಸ್ತ್ರ.
ಅತ್ತಿಗೆ ಪೇಗಿಯೂ ಬೈದಳು,
ಸಾಲ ಮಾಡುವುದಕ್ಕೂ ಕೂಲಿ ಕೊಡುತ್ತಾರೇನೇ?
ತಾನೇ ಹದಿನಾಲ್ಕು ರಾತ್ರಿ ಕೂತು ದರ ಹೋಲಿಸಿ ಸಾಲ ತಂದವಳು.
ಆದರೆ ಅವಳದು ಆಸ್ಪತ್ರೆ ನೌಕರಿ,
ಇಪ್ಪತ್ತೆಂಟಕ್ಕೆ ಸಂಬಳ, ತಪ್ಪಿದ್ದಿಲ್ಲ.
ಅವಳ ಹಾಸಿಗೆಗೆ ಅಳತೆ ಇದೆ, ಕಾಲು ಚಾಚುತ್ತಾಳೆ.
ನಮ್ಮದು ದಿನಕ್ಕೊಂದು ಉದ್ದ.

ಕೆಮ್ಮು ಮುಗಿಸಿ ಪಿರೀ ಹೇಳಿದರು:
ಸಾಲ ಮಂಜೂರಾದರೆ ಬ್ಯಾಂಕು ನನಗಿಷ್ಟು ಕೊಡುತ್ತದೆ,
ನೀವು ನಾನೂರೈವತ್ತು ಪೌಂಡು.
ಅಂದರೆ ಎರಡೂ ಕಡೆಯಿಂದ, ಅಂದೆ.
ಎರಡೂ ಕಡೆಯಿಂದ, ಅಂದರು.
ಆ ಮಾತಿಗೆ ಒಗರಿತ್ತು, ಮುಚ್ಚಳವಿರಲಿಲ್ಲ.

ನೀವು ತೋರಿಸದ ಬ್ಯಾಂಕು ಯಾವುದು?
ಒಂದಿದೆ, ನನಗೆ ಕಮಿಷನ್ ಕೊಡದ ಸಣ್ಣ ಸೊಸೈಟಿ,
ನೀವೇ ಹೋಗಿ ಕೇಳಬೇಕು, ಹೆಸರು ಬರೆದುಕೊಳ್ಳಿ.
ಬರೆದುಕೊಂಡೆ, ಮೊಟ್ಟೆ ಡಬ್ಬದ ಮುಚ್ಚಳದ ಮೇಲೆ.

ಆಮೇಲೆ ಅವರ ಸರದಿ.
ಮೂರು ವರ್ಷದ ಲೆಕ್ಕದಲ್ಲಿ ನಡುವಿನದು ಯಾಕೆ ಅಷ್ಟು ಬಡಕಲು?
ಭುಜ, ಅಂದೆ.
ಏನಂದಿರಿ?
ಟೊರ್ಮೊಡನ ಎಡ ಭುಜ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ
ಅವನಿಗೆ ಅಂಗಿ ತೊಡಿಸಿದ್ದೂ ನಾನೇ.
ಹೇಳುತ್ತಾ ಹೇಳುತ್ತಾ ನನಗೇ ತಿಳಿಯದೆ
ಆ ವರ್ಷವನ್ನೆಲ್ಲ ಹೇಳಿಬಿಟ್ಟೆ, ಮಾರಿದ ದೋಣಿಯನ್ನೂ.
ಯಾವ ಅರ್ಜಿಯಲ್ಲೂ ಭುಜಕ್ಕೆ ಚೌಕವಿರಲಿಲ್ಲ.
ಅವರು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.
ದುಡ್ಡಿಗೆ ತೆರೆದ ಕಿವಿ ಇದು, ಗೊತ್ತಿದೆ.
ಆದರೂ ಕಿವಿ.

ರಾತ್ರಿ ಟೊರ್ಮೊಡ್ ಕೈ ತೊಳೆದು ಬಂದ, ಉಣ್ಣೆಯ ಎಣ್ಣೆ ವಾಸನೆ ಹೋಗಿರಲಿಲ್ಲ.
ಏನು ಮಾಡೋಣ?
ಮೊದಲು ಸೊಸೈಟಿಗೆ ಬರೆಯೋಣ, ಅಂದೆ, ಡಬ್ಬ ತೋರಿಸಿ.
ಇಲ್ಲ ಅಂದರೆ?
ಪಿರೀಗೆ ನಾನೂರೈವತ್ತು.
ಹೂಂ ಅಂದರೆ?
ಅದನ್ನು ನಾನು ಯೋಚಿಸಿರಲಿಲ್ಲ.
ಹೆಸರು ಕೊಟ್ಟವನಿಗೆ ಏನೂ ಇಲ್ಲವೇ, ಅಂದ,
ತೋಳಿಗಂಟಿದ ಎಳೆಯೊಂದನ್ನು ಕೀಳುತ್ತಾ.
ನಾನಿರುವುದೂ ನಡುವೆಯೇ ಕಣೇ,
ಗಿರಣಿಯ ನೂಲಿಗೂ ಯಾರೋ ದರ್ಜಿಗೂ.

ಹೊರಗೆ ಹಡಗು ಕೂಗಿತು. ಅಂತೂ ಹೊರಟಿತು.
ಡಬ್ಬದಲ್ಲಿ ಇನ್ನೂ ಮೂರು ಮೊಟ್ಟೆ ಇದ್ದವು,
ಹೆಸರು ಅಳಿಸದ ಹಾಗೆ
ಅಂಚು ಹಿಡಿದು ಮುಚ್ಚಿದೆ.